ಕಪ್ಪು ನೀರಿನ ಬಳೆಗಳು

ಕನಸು, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ದಿನವಿಡೀ ಸೂಕ್ಷ್ಮದರ್ಶಕ ನೋಡುವವಳು ನಾನು. ಗಾಜಿನಡಿ ಕಂಡರೆ ಉಂಟು, ಕಾಣದಿದ್ದರೆ ಇಲ್ಲ. ಇಷ್ಟೇ ನನ್ನ ವೇದಾಂತ.

ಕೆಲವು ವರ್ಷಗಳ ಹಿಂದಿನ ಮಾತು. ಊರಾಚೆಯ ವಾಳೂಜಿನಲ್ಲಿ ಕಟ್ಟಡ ಕೆಲಸಕ್ಕಿದ್ದ ವಿಜಯಪುರ ಕಡೆಯ ಮಹಾದೇವಿ, ಏಳು ತಿಂಗಳ ಬಸುರಿ, ಬಿಡದ ಜ್ವರ ತಲೆನೋವಿನಿಂದ ದಾಖಲಾಗಿದ್ದಳು. ಮೂತ್ರಪಿಂಡದ ಕಾಯಿಲೆಗೆ ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗಿ ಮೈಯ ತಡೆಶಕ್ತಿ ಕುಗ್ಗಿತ್ತು. ಅವಳ ಬೆನ್ನುಹುರಿಯ ನೀರು ನನ್ನ ಬಳಿ ಬಂತು. ಡಾಕ್ಟರು ಕೇಳಿದ ಪರೀಕ್ಷೆಗಳನ್ನೆಲ್ಲ ಮಾಡಿದೆ, ಏನೂ ಸಿಗಲಿಲ್ಲ. ರೋಗ ಯಾವುದೆಂದು ತಿಳಿಯದಿದ್ದರೆ ತಾಯಿ ಮಗು ಇಬ್ಬರೂ ಉಳಿಯುವುದಿಲ್ಲ ಎಂದು ಅವರು ಕೈಚೆಲ್ಲಿ ಕೂತಿದ್ದರು.

ಅವಳ ಕನ್ನಡ ಡಾಕ್ಟರಿಗೆ ಅರ್ಥವಾಗದೆ, ಕನ್ನಡದವಳೆಂದು ಮಧ್ಯಾಹ್ನ ನನ್ನನ್ನು ವಾರ್ಡಿಗೆ ಕರೆಸಿದರು. ಮಹಾದೇವಿ ಕಣ್ಣು ಮುಚ್ಚಿಕೊಂಡೇ, "ಕರೀ ನೀರಾಗ ಬೆಳ್ಳನ ಬಳಿ ತೇಲಾಕತ್ತಾವ್ರಿ. ಒಂದೊಂದಕ್ಕ ಸಣ್ಣ ಮರಿ ಅಂಟ್ಕೊಂಡಾವ" ಎಂದಳು.

"ಇನ್ನಾ ಕುಬಸ ಮಾಡಿಲ್ರಿ, ಹಸರ ಬಳಿ ಇಡಿಸಿಲ್ಲ. ಅದ ಬಯಕಿ ಆಗೈತಿ" ಎಂದರು ಪಕ್ಕದಲ್ಲಿ ಕೂತಿದ್ದ ಅವಳ ಅತ್ತೆ. ಕುಬಸವೆಂದರೆ ಅವರ ಕಡೆಯ ಸೀಮಂತ. ನನಗೂ ಸರಿಯೆನಿಸಿತು. ಬಳೆಯ ಆಸೆಯಂತೆ ಎಂದು ಡಾಕ್ಟರಿಗೆ ಮರಾಠಿಯಲ್ಲಿ ಹೇಳಿ ಬಂದುಬಿಟ್ಟೆ. ಎಂಥ ಪೆದ್ದಿ ನಾನು.

ಲ್ಯಾಬಿನಲ್ಲಿ ಉಳಿದ ನಾಲ್ಕು ಹನಿಯನ್ನು ಚೆಲ್ಲಲು ಹೊರಟವಳಿಗೆ ಕರೀ ನೀರು ಎಂದ ಅವಳ ಮಾತು ನೆನಪಾಗಿ ಕೈ ನಿಂತಿತು. ಮೆದುಳಿಗೆ ಏರುವ ಒಂದು ಶಿಲೀಂಧ್ರವಿದೆ. ಅದನ್ನು ಹುಡುಕಲು ಆ ನೀರಿಗೆ ಕಪ್ಪು ಮಸಿ ಬೆರೆಸಿ ನೋಡುತ್ತೇವೆ. ಆ ಪರೀಕ್ಷೆಯನ್ನು ಯಾರೂ ಕೇಳಿರಲಿಲ್ಲ. ಮಸಿ ಬೆರೆಸಿ ಕಣ್ಣಿಟ್ಟೆ. ಕಪ್ಪಿನಲ್ಲಿ ಬೆಳ್ಳನೆಯ ಉಂಗುರಗಳು, ಅದೇ ಶಿಲೀಂಧ್ರ; ಕೆಲವಕ್ಕೆ ಆಗಷ್ಟೇ ಮೊಳೆತ ಮರಿ ಅಂಟಿಕೊಂಡಿದ್ದವು. ನನಗೆ ನಿಜಕ್ಕೂ ಭಯವಾಯಿತು.

ಅಂದೇ ಔಷಧಿ ಶುರುವಾಯಿತು. ಅದು ನರಕ್ಕೆ ಇಳಿಯುವಾಗ ಹಲ್ಲು ಕಟಕಟಿಸುವಷ್ಟು ಚಳಿ ಬರುತ್ತದೆ. ವಾರಗಟ್ಟಲೆ ತಡೆದುಕೊಂಡಳು. "ಕೂಸು ಒದೀತೈತ್ರಿ, ಹಚ್ರಿ" ಎಂದು ತಾನೇ ಕೈ ಚಾಚುತ್ತಿದ್ದಳು. ಅಂಥ ಗಟ್ಟಿಗಿತ್ತಿಯನ್ನು ನಾನು ಬೇರೆ ಕಂಡಿಲ್ಲ. ಹೆಣ್ಣುಮಗು ಹುಟ್ಟಿತು, ಇಬ್ಬರೂ ಉಳಿದರು.

ತಲೆಯೊಳಗೆ ಒತ್ತಡ ಏರಿದಾಗ ಕಣ್ಣಿಗೆ ಏನೇನೋ ಕಾಣುತ್ತದೆ ಎಂದರು ಡಾಕ್ಟರು. ಇರಬಹುದು. ಆದರೆ ಮರಿಗಳು? ಮಹಾದೇವಿ ಮನೆಗೆ ಹೊರಟ ದಿನ, ಅವೆಲ್ಲ ಹೇಗೆ ಕಂಡವೆಂದು ಅವಳನ್ನೇ ಕೇಳಿದೆ.

"ನಾ ಏನೂ ನೋಡಿಲ್ರಿ ಅಕ್ಕಾರ. ಹೊಟ್ಟ್ಯಾಗಿಂದ ಯಾರೋ ಹೇಳಿದಂಗಾತು, ನಾ ಅಂದೆ" ಎಂದು ಮಗುವನ್ನು ನನ್ನ ತೋಳಿಗಿಟ್ಟಳು. ಅದು ಎಚ್ಚರವಾಗಿತ್ತು, ನನ್ನನ್ನೇ ನೋಡುತ್ತಿತ್ತು. ಅವತ್ತಿನಿಂದ ಅಂಥ ನೀರು ಬಂದಾಗೆಲ್ಲ, ಯಾರು ಕೇಳಲಿ ಬಿಡಲಿ, ಒಂದು ಹನಿಗೆ ಮಸಿ ಬೆರೆಸಿಯೇ ನೋಡುತ್ತೇನೆ.