ತಾಂಡಾದ ಮಕ್ಕಳನ್ನು ಮಾತನಾಡಿಸಿದವರು

ಪೇಟೆಯ ಸರ್ಕಾರಿ ಶಾಲೆಗೆ ಬಂದ ಲಂಬಾಣಿ ಮಕ್ಕಳನ್ನು ಅವರದೇ ಮಾತಿನ ಕೈಹಿಡಿದು ಕನ್ನಡಕ್ಕೆ ಕರೆತಂದವರು ನಮ್ಮ ಸೀಮೆಯಲ್ಲಿ ಯಾರೆಂದರೆ, ಮೊದಲು ಹೇಳಬೇಕಾದ ಹೆಸರು ಶ್ರೀಮತಿ ಮಲ್ಲಿಕಾಂಬ ಅವರದು. ಮೂವತ್ತೆರಡು ವರ್ಷಗಳ ಸೇವೆ ಮುಗಿಸಿ ಈ ೧೯೮೮ರಲ್ಲಿ ನಿವೃತ್ತರಾಗಿರುವ ಅವರನ್ನು ಕೊಂಡಾಡುವವರು ಅನೇಕರಿದ್ದಾರೆ. ಅವರ ಮೇಲೆ ಹದಿನಾಲ್ಕು ವರ್ಷ ಹೊಟ್ಟೆಕಿಚ್ಚು ಪಟ್ಟವನು ನಾನೊಬ್ಬನೇ ಇರಬೇಕು. ಅದನ್ನು ಮುಚ್ಚಿಟ್ಟು ಬರೆದರೆ ಈ ಅಭಿನಂದನೆ ಪೊಳ್ಳಾದೀತು.

೧೯೭೪ರಲ್ಲಿ ಅವರು ಚೌಳಹಿರಿಯೂರಿನಿಂದ ವರ್ಗವಾಗಿ ತರೀಕೆರೆಯ ನಮ್ಮ ಶಾಲೆಗೆ ಬಂದಾಗ ನಾನು ಅಲ್ಲಿ ಹತ್ತು ವರ್ಷದ ಹಳಬ. ಹಾಸ್ಟೆಲಿನಿಂದ ಬರುತ್ತಿದ್ದ ಹನ್ನೊಂದು ತಾಂಡಾ ಮಕ್ಕಳು ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕೂರುತ್ತಿದ್ದರು. ದಡ್ಡರೆಂದು ನಾನು ತೀರ್ಮಾನಿಸಿಯಾಗಿತ್ತು. ಮಲ್ಲಿಕಾಂಬ ಅವರು ಮೊದಲ ದಿನವೇ ಮೂರನೇ ತರಗತಿಯ ಸೋಮ್ಲಿ ಎಂಬ ಹುಡುಗಿಯ ಪಕ್ಕ ನೆಲದ ಮೇಲೆ ಕುಳಿತು, "ನಿಮ್ಮವ್ವನ್ನ ಏನಂತ ಕರೀತೀಯೇ?" ಎಂದರು.

"ಯಾಡಿ."

ಎರಡು ವರ್ಷದಲ್ಲಿ ನಾನು ಕೇಳಿದ ಅವಳ ಮೊದಲ ಮಾತು ಅದು. ಅಂದಿನಿಂದ ಅವರು ಮಕ್ಕಳಿಂದ ಒಂದೊಂದೇ ಮಾತು ಕಲಿತು, ಲಂಬಾಣಿಯದನ್ನೂ ಕನ್ನಡದ್ದನ್ನೂ ಒಂದು ಪುಸ್ತಕದಲ್ಲಿ ಅಕ್ಕಪಕ್ಕ ಬರೆದುಕೊಂಡು ಪಾಠ ಹೇಳತೊಡಗಿದರು. ಜ್ವರ ಬಂದ ಮಗುವಿಗೆ ಮನೆಯಿಂದ ಗಂಜಿ ತರುತ್ತಿದ್ದರು. ಕಬ್ಬು ಕಡಿಯಲು ಗುಳೆ ಹೊರಟ ತಂದೆತಾಯಿಗಳನ್ನು ಬಸ್ ಸ್ಟ್ಯಾಂಡಿನಲ್ಲಿ ತಡೆದು, "ನೀವು ಹೋಗ್ಬನ್ರಪ್ಪ, ಮಕ್ಳನ್ನ ನಾ ನೋಡ್ಕತೀನಿ" ಎಂದು ಉಳಿಸಿಕೊಳ್ಳುತ್ತಿದ್ದರು.

ಮಕ್ಕಳು ಅವರ ಸೆರಗು ಬಿಡುತ್ತಿರಲಿಲ್ಲ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು, ಅಷ್ಟೆ. ೧೯೭೮ರಲ್ಲಿ ತಪಾಸಣೆಗೆ ಬಂದ ಅಧಿಕಾರಿಗಳು ಎಲ್ಲರೆದುರು, "ಓಂಕಾರಮೂರ್ತಿಗಳೇ, ಈಯಮ್ಮನ್ನ ನೋಡಿ ಕಲೀರಿ" ಎಂದರು. ಆ ವಾರವೇ, ಮಲ್ಲಿಕಾಂಬ ಕನ್ನಡ ಬಿಟ್ಟು ಲಂಬಾಣಿ ಕಲಿಸುತ್ತಿದ್ದಾರೆಂದು ನಾನು ಮೂಗರ್ಜಿ ಬರೆದೆ. ತಿಂಗಳೊಳಗೆ ಅವರಿಗೆ ಅಜ್ಜಂಪುರಕ್ಕೆ ವರ್ಗವಾಯಿತು.

ಅವರು ಹೋದ ಮೇಲೆ ಆ ವರ್ಷವಿದ್ದ ಹನ್ನೊಂದು ತಾಂಡಾ ಮಕ್ಕಳೂ ಹಾಸ್ಟೆಲ್ ಬಿಟ್ಟು ಮನೆಗೆ ಮರಳಿದರು; ಒಬ್ಬರೂ ಶಾಲೆಗೆ ಬರಲಿಲ್ಲ. ಸೋಮ್ಲಿಯ ಏಳನೇ ತರಗತಿಯ ಪರೀಕ್ಷೆಗೆ ನಾಲ್ಕೇ ತಿಂಗಳಿತ್ತು. ತಾಂಡಾಕ್ಕೆ ಹೋದೆ. ಅವಳ ತಾಯಿ ಗಂಗಿಬಾಯಿ ಬಾಗಿಲಲ್ಲೇ ನಿಂತು, "ಆಯಮ್ಮ ಇಲ್ದ ಸ್ಕೂಲಿಗೆ ಕಳ್ಸಾಕಿಲ್ಲ ಸಾಮಿ. ನಮ್ಮ ಮಕ್ಳ ಮಾತು ಕೇಳೋರು ಅಲ್ಲಿ ಯಾರವ್ರೆ?" ಎಂದರು.

ಮರುದಿನ ಅಜ್ಜಂಪುರದ ಬಸ್ಸು ಹತ್ತಿದೆ. ಆ ಅರ್ಜಿ ನನ್ನದೇ ಎಂದು ಅವರೆದುರು ಒಪ್ಪಿಕೊಂಡೆ.

"ಗೊತ್ತಿತ್ತು ಸಾರ್. ಸಾಹೇಬ್ರು ಕಾಗ್ದ ತೋರ್ಸಿದ್ರು. ನಿಮ್ಮ ಅಕ್ಷರ ನಂಗೆ ತಿಳಿಯಲ್ವಾ?"

ಬೈಗುಳಕ್ಕೆ ಕಾದು ನಿಂತೆ. ಅವರು ಒಳಗೆ ಹೋಗಿ ಆ ಮಾತಿನ ಪುಸ್ತಕ ತಂದು ನನ್ನ ಕೈಗಿಟ್ಟರು. "ನೀವು ತಪ್ಪುತಪ್ಪಾಗಿ ಅಂದ್ರೆ ಮಕ್ಳು ನಗ್ತವೆ. ನಗ್ಲಿ ಬಿಡಿ. ನಕ್ಕ ಮಕ್ಳು ಸ್ಕೂಲ್ ಬಿಡಲ್ಲ ಕಣ್ರೀ."

ಅಂದೇ ಸಂಜೆ ತಾಂಡಾದಲ್ಲಿ ನಿಂತು ಆ ಪುಸ್ತಕದಿಂದ ಮೂರು ಸಾಲು ಲಂಬಾಣಿ ಓದಿದೆ. ಸೋಮ್ಲಿ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ಸೋಮವಾರ ಒಂಬತ್ತು ಮಕ್ಕಳು ಬಂದರು. ಇನ್ನಿಬ್ಬರು ಬರಲೇ ಇಲ್ಲ. ಆ ಪಾಪ ನನ್ನದು. ಸೋಮ್ಲಿ ಪಾಸಾದಳು, ಮತ್ತು ಫಲಿತಾಂಶ ತಿಳಿದ ದಿನ ನನಗೆ ಹೇಳದೆ ಅಜ್ಜಂಪುರಕ್ಕೆ ಓಡಿದಳು. ಅಂದೂ ನನ್ನ ಹೊಟ್ಟೆ ಉರಿಯಿತು.

ಕಳೆದ ತಿಂಗಳು ಮಲ್ಲಿಕಾಂಬ ಅವರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಅಜ್ಜಂಪುರದ ಕಡೆಯ ತಾಂಡಾದ ಹೆಂಗಸರು ತಮ್ಮ ಹೆಸರು ಬರೆಯಲು ಕಲಿಯುತ್ತಿದ್ದರು. ಒಬ್ಬಾಕೆ, "ಇವರ್ಯಾರವ್ವಾ?" ಎಂದಳು.

"ಸೋಮ್ಲಿನ ಏಳನೇ ಕ್ಲಾಸ್ ಪಾಸ್ ಮಾಡಿಸಿದ ಮೇಷ್ಟ್ರು ಕಣವ್ವ."

ಅಷ್ಟೇ ಹೇಳಿದರು; ಮಿಕ್ಕದ್ದನ್ನು ಹೇಳಲಿಲ್ಲ. ಆ ಮಾತಿನಿಂದ ನನ್ನ ಅಸೂಯೆ ಕರಗಿತೆಂದರೆ ಸುಳ್ಳಾದೀತು. ಅಂಥ ಮನಸ್ಸೂ ಅವರಿಗೇ ಸಿಕ್ಕಿತಲ್ಲ ಎಂದು ಇನ್ನಷ್ಟು ಹೆಚ್ಚಿತು. ಅವರು ನೂರ್ಕಾಲ ಬಾಳಲಿ, ಆ ಪಡಸಾಲೆ ಎಂದೂ ಬರಿದಾಗದಿರಲಿ; ಅವರಂತಾಗಲು ನನಗೆ ಇನ್ನೂ ಬಹಳ ಕಾಲ ಬೇಕು.