ಬಣ್ಣದ ಮೇಷ್ಟ್ರು
ಬಣ್ಣದ ಮೇಷ್ಟ್ರಿಗೆ ಅರವತ್ತೆಂಟು ವರ್ಷ. ಹೆಂಡತಿ ತೀರಿಕೊಂಡ ಮೇಲೆ ತಮ್ಮವರೆಂದರೆ ಫೋನಿನಲ್ಲಿ ಸಿಗುವ ಅಕ್ಕ ಒಬ್ಬಳೇ. ಊರವರ ಹಳೆಯ ಫೋಟೋ ಸ್ಲೈಡುಗಳನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿಕೊಡುವುದು ಅವರ ಕಸುಬು. ಪರದೆಯ ಮೇಲೆ ಬೇರೆ ಬಣ್ಣದ ಛಾಯೆ ಬೀಳಬಾರದೆಂದು ಗೋಡೆಗೂ ಬೂದು ಬಣ್ಣ, ಮೈಗೂ ಬೂದು ಅಂಗಿ. ಕೆಂಪು ಅಂಗಿಯವರು ಬಂದರೆ ಬಾಗಿಲಾಚೆಯೇ ನಿಲ್ಲಬೇಕು. "ನಮ್ಮಜ್ಜಿ ಕೆನ್ನೆಗೆ ಸ್ವಲ್ಪ ಕೆಂಪು ಹಾಕಿ ಸಾರ್" ಎಂದರೆ, "ಫಿಲ್ಮಿಗೆ ತಕ್ಕ ಪ್ರೊಫೈಲ್ ಹಾಕಿದೀನಿ, ಬಣ್ಣ ಅಳೆದು ಸರಿ ಮಾಡೋ ಲೆಕ್ಕ ಅದು, ಅದು ತೋರಿಸಿದ್ದೇ ಬಣ್ಣ. ಕಣ್ಣನ್ನ ನಂಬಬೇಡಿ!" ಎಂದು ಗದರುವರು. ಆದರೆ ಹೆಂಡತಿಯದೆಂದು ಉಳಿದಿದ್ದ ಒಂದೇ ಒಂದು ಸ್ಲೈಡಿನಲ್ಲಿ ಪ್ರೊಫೈಲ್ ಅವಳ ಶಾಲನ್ನು ಹಸಿರಾಗಿ ತೋರಿಸಿತು. ಅವರ ನೆನಪಿನಲ್ಲಿ ಅದು ನೀಲಿ. ಅಕ್ಕನಿಗೆ ಫೋನ್ ಮಾಡಿದರು. "ಅಕ್ಕಾ, ಅವಳ ಶಾಲು ಯಾವ ಬಣ್ಣ?" "ಅಲ್ಲೋ, ದಿನಾ ಜೊತೆಗಿದ್ದೋನು ನೀನು, ನನ್ನ ಕೇಳ್ತೀಯಲ್ಲ!" ಕೊನೆಗೊಂದು ದಿನ ಮೇಷ್ಟ್ರೂ ಕಣ್ಣು ಮುಚ್ಚಿದಾಗ ಮನೆಯಲ್ಲಿ ಉಳಿದದ್ದು ಒಂದು ಸ್ಕ್ಯಾನರ್, ಒಂದು ಭೂತಗನ್ನಡಿ, ಹತ್ತಿಯ ಕೈಗವಸುಗಳು, ಮತ್ತು ಅದೇ ಸ್ಲೈಡಿನ ನಾನೂರ ಹನ್ನೆರಡು ಪ್ರತಿಗಳು, ಒಂದೊಂದರಲ್ಲೂ ಶಾಲಿಗೆ ಬೇರೊಂದು ನೀಲಿ.