ಎಡಗೈಗೆ ಕಟ್ಟಿದ ಚೀಲ

೨೦೨೩ರ ಮಾರ್ಚ್‌ನಲ್ಲಿ ನಾನು ಹೆಬ್ಬಾಳದ ಒಂದು ಪುನಶ್ಚೇತನ ಕೇಂದ್ರದಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ಪಾರ್ಶ್ವವಾಯುವಿಗೆ ತುತ್ತಾದವರ ಕೈಕಾಲುಗಳಿಗೆ ಮತ್ತೆ ಚಲನೆ ಕಲಿಸುವುದು ನನ್ನ ಕೆಲಸ. ಅಲ್ಲಿಗೆ ಯಲಹಂಕದಿಂದ ಬಂದವರು ನಲವತ್ತೊಂಬತ್ತರ ನೀಲವ್ವ. ಬಾಗಲಕೋಟೆ ಕಡೆಯವರು, ಗಂಡ ಬಸವರಾಜ್ ಕಾರ್ಖಾನೆಯೊಂದರಲ್ಲಿ ಫಿಟರ್. ನೀಲವ್ವ ಮನೆಯಲ್ಲೇ ದಿನಕ್ಕೆ ನೂರೈವತ್ತು ಜೋಳದ ರೊಟ್ಟಿ ಬಡಿದು ಸುತ್ತಲಿನವರಿಗೆ ಮಾರುತ್ತಿದ್ದರು. ಐದು ವಾರಗಳ ಹಿಂದೆ ಮಿದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡು ಬಲಗೈ ಸೋತಿತ್ತು. ಮೊದಲ ದಿನವೇ ಕೇಳಿದರು: “ಮೇಡಂ, ಮತ್ತ ರೊಟ್ಟಿ ಬಡೀತೀನೋ ಇಲ್ಲೋ? ಅಷ್ಟ ಹೇಳ್ರಿ.”

ತಪ್ಪುಗಳನ್ನು ಹೆಸರಿಸಿಯೇ ಹೇಳಬೇಕು. ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ಮಾತ್ರೆಗಳ ಪಟ್ಟಿಯಿತ್ತು, ಕೈಯ ವ್ಯಾಯಾಮದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ಮೊದಲನೆಯದು. ಎಡಗೈಯಲ್ಲಿ ಉಣ್ಣುವುದು ಆ ಮನೆಯಲ್ಲಿ ಸಲ್ಲದು. ಹೀಗಾಗಿ ಮೂರು ಹೊತ್ತೂ ಬಸವರಾಜ್ ತುತ್ತು ಮಾಡಿ ಉಣಿಸುತ್ತಿದ್ದರು. ಪ್ರೀತಿಯಿಂದ ಮಾಡಿದ್ದಾದರೂ ಅದೂ ತಪ್ಪೇ. ಮೂರನೆಯ ತಪ್ಪು ನನ್ನದು, ಅದೇ ದೊಡ್ಡದು.

ಎಡಗೈಯನ್ನು ಕೀಳೆನ್ನುವ ಕಟ್ಟಳೆಯನ್ನು ನಾನು ಎಂದೂ ಒಪ್ಪಿದವಳಲ್ಲ. ಎಡಗೈಯಲ್ಲಿ ಬರೆದ ಮಕ್ಕಳಿಗೆ ಏಟು ಬೀಳುವುದರ ವಿರುದ್ಧ ಶಾಲೆಗಳಿಗೆ ಹೋಗಿ ಮಾತನಾಡಿದ್ದೇನೆ. ನೀಲವ್ವನಿಗೂ ಅದೇ ಭಾಷಣ ಮಾಡಿದೆ.

“ಎಡಗೈಲೆ ಉಂಡ್ರ ಹೊಟ್ಟಿ ತುಂಬತೈತ್ರಿ, ಮನಸ್ಸು ತುಂಬಂಗಿಲ್ಲ” ಎಂದರು.

“ಅದೆಲ್ಲ ಬರೀ ಅಭ್ಯಾಸ ನೀಲವ್ವ, ಬಿಟ್ಬಿಡಿ” ಎಂದೆ.

ತಿಂಗಳೊಳಗೆ ಎಡಗೈ ಉಣ್ಣುವುದನ್ನೂ ತಲೆ ಬಾಚುವುದನ್ನೂ ಕಲಿಯಿತು. ಕಡತದಲ್ಲಿ ‘ಸ್ವಾವಲಂಬಿ’ ಎಂದು ಹೆಮ್ಮೆಯಿಂದ ಬರೆದೆ. ಬಲಗೈ ಮಡಿಲಲ್ಲಿ ಬಿದ್ದೇ ಇತ್ತು.

ಏಪ್ರಿಲ್ ಕೊನೆಯಲ್ಲಿ ಅವರ ಮನೆಗೆ ಹೋದೆ. ಬಸವರಾಜ್ ಹಿಟ್ಟು ನಾದುವ ಅಗಲ ಪರಾತದ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದರು. ನೀಲವ್ವ ಕುರ್ಚಿಯಿಂದಲೇ ಕೂಗಿದರು: “ಸಾವಕಾಶ ರೀ! ರೊಟ್ಟಿ ಬಡ್ಯಾಕತ್ತೀರೋ, ಹೊಡದಾಟಕ್ಕ ನಿಂತೀರೋ?”

“ಸುಮ್ನ ಕುಂಡ್ರ. ಹರದರೂ ಹೊಟ್ಟಿಗೇ ಹೋಗತೈತಿ.”

ನಾನೂ ನಕ್ಕೆ, ಅಷ್ಟರಲ್ಲಿ ನನ್ನ ಕಣ್ಣು ನೀಲವ್ವನ ಮಡಿಲ ಮೇಲೆ ಬಿತ್ತು. ಗಂಡನ ತಾಳವನ್ನು ತಿದ್ದುವಂತೆ ಬಲಗೈ ತೊಡೆಯನ್ನು ಮೆಲ್ಲಗೆ ತಟ್ಟುತ್ತಿತ್ತು. ನೀಲವ್ವನಿಗೇ ಅದರ ಅರಿವಿರಲಿಲ್ಲ. ಪರೀಕ್ಷಿಸಿದೆ: ಮಣಿಕಟ್ಟು ಏಳುತ್ತಿತ್ತು, ಬೆರಳುಗಳು ತುಸು ಬಿಚ್ಚಿಕೊಳ್ಳುತ್ತಿದ್ದವು.

ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಸಂಧಿಗೆ ಸಿನಾಪ್ಸ್ ಎನ್ನುತ್ತಾರೆ. ಎರಡೂ ಕೋಶಗಳು ಮತ್ತೆ ಮತ್ತೆ ಒಟ್ಟಿಗೆ ಚುರುಕಾದರೆ ಆ ಸಂಧಿ ಬಲಗೊಳ್ಳುತ್ತದೆ. ಬಳಕೆ ಕುಗ್ಗಿದರೆ ದುರ್ಬಲವಾಗುತ್ತದೆ. ಪಾರ್ಶ್ವವಾಯು ಕೆಲವು ದಾರಿಗಳನ್ನಷ್ಟೇ ಕೆಡಿಸಿತ್ತು. ಉಳಿದವುಗಳನ್ನು ಪಾಳು ಬಿಡಿಸಿದ್ದು ಬಸವರಾಜರ ತುತ್ತು ಮತ್ತು ನನ್ನ ಭಾಷಣ.

ಅಂದೇ ಅವರಿಬ್ಬರ ಮುಂದೆ ತಪ್ಪೊಪ್ಪಿಕೊಂಡೆ. ನರರೋಗ ತಜ್ಞರ ಒಪ್ಪಿಗೆ ಪಡೆದು ಚಿಕಿತ್ಸೆಯ ದಿಕ್ಕನ್ನೇ ತಿರುಗಿಸಿದೆವು. ದಿನಕ್ಕೆ ಆರು ಗಂಟೆ, ಏನನ್ನೂ ಹಿಡಿಯದಂತೆ, ಎಡಗೈಗೆ ದಪ್ಪ ಬಟ್ಟೆಯ ಚೀಲ. ಉಣ್ಣುವುದು, ಒರೆಸುವುದು, ಒಲೆಯಿಲ್ಲದೆ ಹಿಟ್ಟು ತಟ್ಟುವುದು ಎಲ್ಲವೂ ಬಲಗೈಯದೇ. ಹೀಗೆ ಮೂರು ವಾರ.

ಮೂರನೆಯ ದಿನ ತಟ್ಟೆಯಿಂದ ಬಾಯಿಗೆ ಹೋಗಬೇಕಾದ ಅನ್ನವೆಲ್ಲ ಸೆರಗಿಗೆ ಬಿತ್ತು. ನೀಲವ್ವ ಅತ್ತರು. ಬಸವರಾಜರ ಕೈ ತಾನಾಗಿ ತಟ್ಟೆಗೆ ಹೋಯಿತು. “ಉಣಸ್ಲೇನು?”

“ಬ್ಯಾಡ. ಕೈ ಹಿಂದ ತಗೋರಿ.”

ಬಸವರಾಜ್ ಎದ್ದು ಹೊರಗೆ ಹೋಗಿ ನಿಂತರು. ಆ ಊಟ ಮುಗಿಯಲು ಐವತ್ತು ನಿಮಿಷ ಹಿಡಿಯಿತು.

ಮೂರು ವಾರಗಳ ಬಳಿಕ ಚೀಲ ಬಿಚ್ಚಿ, ಎಡಗೈಯಿಂದ ತಿರುಗಿಸುತ್ತ, ಬಲಗೈಯಿಂದ ಬಡಿಯುತ್ತ ನೀಲವ್ವ ನನ್ನೆದುರೇ ಒಂದು ರೊಟ್ಟಿ ಮಾಡಿದರು. ಅಂಚು ಒಂದು ಕಡೆ ಸೀಳಿತ್ತು. ಗಂಡ ಬೇಯಿಸಿಕೊಟ್ಟದ್ದನ್ನು ಬಲಗೈಯಲ್ಲೇ ನನ್ನತ್ತ ಚಾಚಿದರು: “ತಗೋರಿ ಮೇಡಂ. ನಾ ಬಲಗೈಲೆ ಕೊಡಾಕತ್ತೀನಿ. ನೀವು ಎಡಗೈಲೆ ತಗೊಂಡ್ರೂ ನಡೀತೈತಿ.”

ಎಡಗೈ ಕೀಳಲ್ಲವೆಂದು ಇಂದಿಗೂ ಶಾಲೆಗಳಲ್ಲಿ ಹೇಳುತ್ತೇನೆ. ಆದರೆ ರೋಗಿಯೊಬ್ಬರು ಹಟ ಹಿಡಿದರೆ, ಆ ಹಟ ಸೋತ ಕೈಯ ಪರವಾಗಿದೆಯೇ ಎಂದು ಮೊದಲು ನೋಡುತ್ತೇನೆ. ತಿದ್ದುವ ಮಾತು ಆಮೇಲೆ.